ಅಪ್ಪ ಅಮ್ಮ ಎಲ್ಲಿರಬೇಕು ಅಂತ ತೀರ್ಮಾನಿಸಿದ ಆ ತಿಂಗಳುಗಳು

ಎಂಬತ್ತರ ಹತ್ತಿರಕ್ಕೆ ಬರುವವರೆಗೂ ನನ್ನ ಅಪ್ಪ ಅಮ್ಮ ಇಬ್ಬರೇ ಇದ್ದರು. ಸ್ವಂತ ಮನೆ, ಎರಡು ಅಂತಸ್ತು, ಮಲಗುವ ಕೋಣೆ ಮೇಲೆ. ಅಪ್ಪನಿಗೆ ಪಿಂಚಣಿ ಬರುತ್ತದೆ. ಅಣ್ಣ ದೂರದ ಊರಿನಲ್ಲಿದ್ದಾನೆ. ನನ್ನ ಮನೆಯಿಂದ ಅವರ ಮನೆಗೆ ಬಸ್ಸಿನಲ್ಲಿ ಒಂದು ಗಂಟೆ. ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳಿದರೆ "ಆರಾಮಾಗಿದ್ದೀವಿ" ಅನ್ನುವ ಉತ್ತರ. ನೋಡಿದವರಿಗೂ ಹಾಗೇ ಕಾಣುತ್ತಿತ್ತು.

ಒಳಗೆ ನಡೆಯುತ್ತಿದ್ದದ್ದು ಬೇರೆ. ಅವರಿಬ್ಬರೂ ಸೇರಿ ಒಬ್ಬ ಪೂರ್ತಿ ಮನುಷ್ಯ ಆಗಿದ್ದರು. ಅಮ್ಮನಿಗೆ ಮೂಳೆ ಸವೆತ, ಮೊಣಕಾಲು ನೋವು. ಮೆಟ್ಟಿಲು ಹತ್ತಿದರೆ ಸುಸ್ತು. ಆದರೆ ತಲೆ ಬಹಳ ಚುರುಕು. ಅಪ್ಪನ ಮೈ ಗಟ್ಟಿ, ನಡಿಗೆ ಜೋರು. ಆದರೆ ಮರೆವು ಶುರುವಾಗಿತ್ತು. ಅಮ್ಮ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಅಪ್ಪ ಎದ್ದು ಮಾಡುತ್ತಿದ್ದರು. ಬೀಗ ಹಾಕಿದ್ರಾ, ಒಲೆ ಆರಿಸಿದ್ರಾ, ಬಿಳಿ ಮಾತ್ರೆ ತಗೊಂಡ್ರಾ ಅಂತ ಅಮ್ಮ ಕೇಳುತ್ತಿದ್ದರು. ಹೊರಗಿನ ಕೆಲಸಕ್ಕೆ ಹೊರಟರೆ ಅಪ್ಪನ ಜೇಬಿನಲ್ಲಿ ಅಮ್ಮ ಬರೆದ ಚೀಟಿ ಇರುತ್ತಿತ್ತು. ಅಪ್ಪನ ಮರೆವು ಎಷ್ಟು ಮುಂದುವರಿದಿದೆ ಅಂತ ನಮಗೆ ಗೊತ್ತಾಗದಂತೆ ಅಮ್ಮ ವರ್ಷಗಟ್ಟಲೆ ನೋಡಿಕೊಂಡಿದ್ದರು. ಮುಚ್ಚಿಡಬೇಕು ಅಂತಲ್ಲ. ಅವರ ದಿನ ಹಾಗೆ ಹೊಂದಿಕೊಂಡು ಹೋಗುತ್ತಿತ್ತು, ಅಷ್ಟೇ.

ಒಂದು ದಿನ ಬಚ್ಚಲಲ್ಲಿ ಅಮ್ಮ ಜಾರಿ ಬಿದ್ದರು. ಸೊಂಟದ ಕೀಲಿನ ಮೂಳೆ ಮುರಿಯಿತು.

ಬೀಳೋದು ಅಂದರೆ ಚಿಕ್ಕ ವಿಷಯ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಜಗತ್ತಿನಲ್ಲಿ ಆಕಸ್ಮಿಕ ಗಾಯಗಳಿಂದ ಆಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ನಂತರದ ಸ್ಥಾನ ಬೀಳುವುದರದ್ದೇ. ಹಾಗೆ ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಜಾಸ್ತಿ. ಅಮ್ಮ ಬದುಕಿದರು, ಆಪರೇಷನ್ ಚೆನ್ನಾಗಿ ಆಯಿತು. ಆದರೆ ಅಮ್ಮ ಆಸ್ಪತ್ರೆಯಲ್ಲಿದ್ದಾಗ ಅಪ್ಪ ಮನೆಯಲ್ಲಿ ಒಬ್ಬರೇ ಆದರು. ಆಗ ಎಲ್ಲ ಬೆಳಕಿಗೆ ಬಂತು. ಹಗಲಲ್ಲೇ ಬಾಗಿಲು ತೆರೆದಿಟ್ಟು ಎಲ್ಲೋ ನಡೆದುಹೋಗಿದ್ದರು. ಮಾತ್ರೆಗಳು ಹಾಗೇ ಇದ್ದವು. ಪಕ್ಕದ ಮನೆಯವರು ನನಗೆ ಫೋನ್ ಮಾಡಿ, "ನಿಮ್ಮ ತಂದೆ ನಿಮ್ಮ ತಾಯಿಯನ್ನ ಹುಡುಕ್ತಿದ್ದಾರೆ" ಅಂದರು. ಅಮ್ಮ ಎಲ್ಲಿದ್ದಾರೆ ಅಂತ ಅಪ್ಪನಿಗೆ ಬೆಳಗ್ಗೆಯಷ್ಟೇ ಹೇಳಿದ್ದೆ.

ಮುರಿದದ್ದು ಅಮ್ಮನ ಮೂಳೆ, ನಿಂತುಹೋದದ್ದು ಇಬ್ಬರ ಬದುಕು. ವಯಸ್ಸಾದ ಗಂಡ ಹೆಂಡತಿಯ ಆರೋಗ್ಯವನ್ನು ಬೇರೆ ಬೇರೆ ಫೈಲಿನಲ್ಲಿಟ್ಟು ನೋಡಿದರೆ ಏನೂ ತಿಳಿಯಲ್ಲ ಅಂತ ನನಗೆ ಅರ್ಥವಾದದ್ದು ಆವಾಗಲೇ.

ಡಿಸ್ಚಾರ್ಜ್ ಮಾಡುವ ಹಿಂದಿನ ದಿನ ಡಾಕ್ಟರ್ ಕೇಳಿದ ಪ್ರಶ್ನೆ ಒಂದೇ: "ಮನೆಯಲ್ಲಿ ಯಾರಿದ್ದಾರೆ?" ಯಾವ ಮನೆ ಅಂತ ಅವರು ಕೇಳಲಿಲ್ಲ. ಆಸ್ಪತ್ರೆಯ ಹಾಸಿಗೆ ಖಾಲಿಯಾಗಬೇಕು. ಹಿರಿಯರು ಇನ್ನು ಎಲ್ಲಿರಬೇಕು ಅನ್ನುವ ದೊಡ್ಡ ತೀರ್ಮಾನ ಬಹಳ ಕುಟುಂಬಗಳಲ್ಲಿ ಆಗೋದು ಹೀಗೇ, ಡಿಸ್ಚಾರ್ಜ್ ಕಾಗದ ಕೈಗೆ ಬರುವ ಹೊತ್ತಿನಲ್ಲಿ, ಎರಡು ಮೂರು ದಿನದ ಅವಸರದಲ್ಲಿ. ನಾನು ಇಬ್ಬರನ್ನೂ ತಾತ್ಕಾಲಿಕವಾಗಿ ನನ್ನ ಮನೆಗೆ ಕರೆತಂದೆ. "ತಾತ್ಕಾಲಿಕ" ಅಂತ ಅಮ್ಮನ ಎದುರಿಗೇ ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅಮ್ಮ ತಲೆ ಆಡಿಸಿದರು. ಸಮಯ ಸಿಕ್ಕಿದ್ದು ಅದರಿಂದಲೇ.

ಮೊದಲು ಮಾಡಿದ ಕೆಲಸ, ಇಬ್ಬರ ಕೈಲಿ ನಿಜವಾಗಿ ಏನಾಗುತ್ತದೆ, ಏನಾಗಲ್ಲ ಅಂತ ತಿಳಿದುಕೊಂಡದ್ದು. ಮನೆಗೆ ಒಬ್ಬ ಚಿಕ್ಕ ವಯಸ್ಸಿನ ಥೆರಪಿಸ್ಟ್ ಬಂದರು. ಕೈಯಲ್ಲಿ ಒಂದು ಫಾರಂ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಈ ಆರು ಕೆಲಸಗಳಲ್ಲಿ ಯಾವುದಕ್ಕೆ ಇನ್ನೊಬ್ಬರ ಕೈ ಬೇಕು ಅಂತ ಗುರುತು ಹಾಕುತ್ತಾ ಹೋದರು. ಈ ಪಟ್ಟಿಯನ್ನು ಅಮೆರಿಕದ ಡಾಕ್ಟರ್ ಸಿಡ್ನಿ ಕಾಟ್ಜ್ ಮತ್ತು ಜೊತೆಯವರು 1963ರಲ್ಲಿ ಪ್ರಕಟಿಸಿದ್ದು ಅಂತ ಆಮೇಲೆ ಓದಿದೆ. ಅವರು ಅದನ್ನು ರೂಪಿಸಿದ್ದೇ ಸೊಂಟದ ಮೂಳೆ ಮುರಿದ ಹಿರಿಯರನ್ನು ಗಮನಿಸುತ್ತಾ. ಶಕ್ತಿ ಮರಳುವಾಗ ಊಟ ಮೊದಲು, ಸ್ನಾನ ಕೊನೆಗೆ. ಕಳೆದುಕೊಳ್ಳುವಾಗ ಸಾಮಾನ್ಯವಾಗಿ ಇದರ ತಿರುಗುಮುರುಗು. ಅಮ್ಮನ ವಿಷಯದಲ್ಲಿ ಇದು ಅಕ್ಷರಶಃ ಹಾಗೇ ಆಯಿತು. ತಾನೇ ಊಟ ಮಾಡಲು ಶುರು ಮಾಡಿ ಎಷ್ಟೋ ವಾರಗಳಾದ ಮೇಲೂ ಸ್ನಾನಕ್ಕೆ ನಾನು ಬೇಕಿತ್ತು.

ಎರಡನೇ ಪಟ್ಟಿ ಇನ್ನೂ ಸೂಕ್ಷ್ಮ. ಲಾಟನ್ ಮತ್ತು ಬ್ರಾಡಿ ಅನ್ನುವ ಸಂಶೋಧಕರು 1969ರಲ್ಲಿ ಕೊಟ್ಟದ್ದು. ಫೋನ್ ಬಳಸುವುದು, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಔಷಧಿ, ಹಣಕಾಸು. ಮೊದಲ ಪಟ್ಟಿಯಲ್ಲಿ ಅಪ್ಪ ಪೂರ್ತಿ ಪಾಸು. ಎರಡನೆಯದರಲ್ಲಿ ಒಂದೊಂದಾಗಿ ಕುಸಿದರು.

ಆ ಹೊತ್ತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಥೆರಪಿಸ್ಟ್ ಅಪ್ಪನ ಮುಂದೆ ವಾರದ ಮಾತ್ರೆ ಡಬ್ಬಿ ಇಟ್ಟರು. ಏಳು ಖಾನೆ, ಒಂದೊಂದರಲ್ಲೂ ಬೆಳಗ್ಗೆ, ರಾತ್ರಿ. "ಸರ್, ನಾಳೆ ಬೆಳಗ್ಗೆಯ ಮಾತ್ರೆ ಹಾಕಿ ತೋರಿಸ್ತೀರಾ?" ಅಂದರು. ಅಪ್ಪ ಕನ್ನಡಕ ಸರಿಮಾಡಿಕೊಂಡರು. ಒಂದು ಸ್ಟ್ರಿಪ್ ಎತ್ತಿದರು, ಹಿಂದೆ ಮುಂದೆ ತಿರುಗಿಸಿದರು, ಕೆಳಗಿಟ್ಟರು. ಇನ್ನೊಂದು ಎತ್ತಿದರು. ಇವತ್ತು ಯಾವ ವಾರ ಅಂತ ಕೇಳಲಿಲ್ಲ, ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಅಮ್ಮ ಬಾಯಿ ತೆರೆದರು. ಥೆರಪಿಸ್ಟ್ ಕೈ ಸನ್ನೆಯಲ್ಲೇ ಅಮ್ಮನನ್ನು ತಡೆದರು. ಅಪ್ಪ ಕೊನೆಗೆ ಎಲ್ಲ ಮಾತ್ರೆಗಳನ್ನೂ ಒಂದೇ ಖಾನೆಗೆ ಹಾಕಿ, "ಇವೆಲ್ಲ ಇವಳಿಗೆ ಗೊತ್ತು ಕಣಮ್ಮಾ" ಅಂದರು.

ಆಮೇಲೆ ನಡಿಗೆಯ ಪರೀಕ್ಷೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. ನೆಲದ ಮೇಲೆ ಟೇಪ್ ಅಂಟಿಸಿ ಗಡಿಯಾರ ಒತ್ತಿದರು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಅಪಾಯ ಇದೆ ಅಂತ ಲೆಕ್ಕ. ಅಪ್ಪ ಹತ್ತರೊಳಗೆ ಮುಗಿಸಿದರು. ವಾಕರ್ ಹಿಡಿದ ಅಮ್ಮನಿಗೆ ಅರ್ಧ ನಿಮಿಷ ದಾಟಿತು. ಇಬ್ಬರ ಕಾಗದವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ, ಒಬ್ಬರಿಗೆ ಖಾಲಿ ಇದ್ದ ಕಡೆ ಇನ್ನೊಬ್ಬರಿಗೆ ಗುರುತು ಬಿದ್ದಿತ್ತು. ಇಬ್ಬರೂ ಒಂದೇ ಮನೆಯಲ್ಲಿ ಇರಲೇಬೇಕು, ಆದರೆ ಇಬ್ಬರೇ ಇರೋಕೆ ಆಗಲ್ಲ. ಅಲ್ಲಿಂದ ಮುಂದೆ ನಮ್ಮ ಎಲ್ಲ ಹುಡುಕಾಟವೂ ಈ ಎರಡು ಮಾತಿನ ಮೇಲೇ ನಿಂತಿತು.

ಮುಂದಿನದು ಹಣ. ಅಣ್ಣ ರಜೆ ಹಾಕಿ ಬಂದ. ಊಟದ ಮೇಜಿನ ಮೇಲೆ ಎಲ್ಲ ಕಾಗದಗಳನ್ನೂ ಹರಡಿಕೊಂಡು ಕೂತೆವು. ಅಪ್ಪ ಅಮ್ಮನಿಗೆ ಆಸ್ತಿ ಇದೆ, ಬಡವರಲ್ಲ. ಆದರೆ ಲೆಕ್ಕ ಹಾಕಿದರೆ ಹತ್ತರಲ್ಲಿ ಎಂಟು ಪಾಲು ಆ ಎರಡಂತಸ್ತಿನ ಮನೆಯೇ. ಉಳಿದದ್ದು ಸ್ವಲ್ಪ ಠೇವಣಿ, ತಿಂಗಳ ಪಿಂಚಣಿ. ಹಗಲು ರಾತ್ರಿ ನೋಡಿಕೊಳ್ಳುವವರನ್ನು ಇಟ್ಟುಕೊಂಡರೆ ಪಿಂಚಣಿ ಪೂರ್ತಿ ಅವರ ಸಂಬಳಕ್ಕೇ ಹೋಗುತ್ತದೆ. ಗೋಡೆಯಲ್ಲಿ ಕೂತಿರುವ ಹಣದಿಂದ ಯಾರಿಗೂ ಸಂಬಳ ಕೊಡೋಕೆ ಆಗಲ್ಲ, ಅಲ್ವಾ?

ಮನೆಯನ್ನೇ ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಬಗ್ಗೆ ವಿಚಾರಿಸಿದೆವು. ಸಾಲ ಬೆಳೆಯುತ್ತಾ ಹೋಗುತ್ತದೆ, ಬದುಕಿರುವವರೆಗೆ ತೀರಿಸಬೇಕಿಲ್ಲ, ಕೊನೆಗೆ ಮನೆ ಮಾರಿ ತೀರುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಸಾಲ ಪಡೆದವರು ಅದೇ ಮನೆಯಲ್ಲಿ ವಾಸ ಇರಬೇಕು. ಕಾಯಿಲೆ ಜಾಸ್ತಿಯಾಗಿ ಆರೈಕೆ ಕೇಂದ್ರಕ್ಕೆ ಹೋಗಿ ದೀರ್ಘಕಾಲ ಅಲ್ಲೇ ಉಳಿದರೆ ಸಾಲ ತೀರಿಸಬೇಕಾಗುತ್ತದೆ. ಅಂದರೆ ಆರೋಗ್ಯ ಹಾಳಾಗಿ ಹಣ ಅತಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಆ ದಾರಿ ಮುಚ್ಚುತ್ತದೆ. ನಾವು ಅದನ್ನು ಅಲ್ಲಿಗೇ ಬಿಟ್ಟೆವು.

ಅದಕ್ಕಿಂತ ದೊಡ್ಡ ವಿಷಯ ಸಹಿಯದು. ಮನೆ ಅಪ್ಪನ ಹೆಸರಿನಲ್ಲಿದೆ. ಬಾಡಿಗೆಗೆ ಕೊಡಬೇಕಾದರೂ, ಮಾರಬೇಕಾದರೂ ಅಪ್ಪ ಸಹಿ ಮಾಡಬೇಕು. ಏನಕ್ಕೆ ಸಹಿ ಮಾಡುತ್ತಿದ್ದೇನೆ ಅಂತ ಅಪ್ಪನಿಗೆ ಅರ್ಥವೂ ಆಗಬೇಕು. ಮರೆವು ಇನ್ನಷ್ಟು ಮುಂದುವರಿದರೆ ಆ ಸಹಿಗೆ ಕಾನೂನಿನಲ್ಲಿ ಬೆಲೆ ಇರುವುದಿಲ್ಲ. ಆಗ ಕೋರ್ಟು, ಅರ್ಜಿ, ಕಾಯುವುದು. ಮನೆ ಕಣ್ಣೆದುರಿಗೇ ಇದ್ದರೂ ಅದರಿಂದ ಔಷಧಿಗೆ ಒಂದು ಕಾಸು ಹುಟ್ಟಲ್ಲ. ಮರೆವಿನ ಡಾಕ್ಟರ್ ಅಪ್ಪನ ಜೊತೆ ಒಬ್ಬರೇ ಕೂತು ಮಾತಾಡಿ, ಇಂಥ ತೀರ್ಮಾನ ಅರ್ಥ ಮಾಡಿಕೊಳ್ಳುವ ಶಕ್ತಿ ಈಗ ಇದೆ ಅಂತ ಬರೆದುಕೊಟ್ಟರು. ವಕೀಲರು ಬೆಳಗ್ಗೆಯ ಹೊತ್ತು ಬಂದರು. ಅಪ್ಪನ ತಲೆ ತಿಳಿಯಾಗಿರೋದು ಬೆಳಗ್ಗೆಯೇ. ಅಪ್ಪ ತನ್ನದೇ ಮಾತಿನಲ್ಲಿ, "ನನ್ನ ಮನೆ, ನನ್ನ ಹಣದ ವ್ಯವಹಾರ ನನ್ನಿಂದ ಆಗದೇ ಹೋದಾಗ ಇವಳೂ ಮಕ್ಕಳೂ ನೋಡ್ಕೋತಾರೆ, ಅದು ನಮ್ಮಿಬ್ಬರ ಆರೈಕೆಗೇ ಖರ್ಚಾಗಬೇಕು" ಅಂದರು. ಸಹಿ ಹಾಕುವಾಗ ಕೈ ನಡುಗಲಿಲ್ಲ. ಆ ಕಾಗದ ಆಗದೇ ಇದ್ದಿದ್ದರೆ ಮುಂದಿನ ಯಾವ ಹೆಜ್ಜೆಯನ್ನೂ ಇಡೋಕೆ ಆಗುತ್ತಿರಲಿಲ್ಲ. ಇದನ್ನು ಓದುವವರ ಮನೆಯಲ್ಲಿ ಯಾರಿಗಾದರೂ ಮರೆವು ಶುರುವಾಗಿದ್ದರೆ, ಬೇರೆಲ್ಲಕ್ಕಿಂತ ಮೊದಲು ವಕೀಲರನ್ನು ನೋಡಿ, ಮರೆವು ಮುಂದುವರಿದ ಮೇಲೂ ಯಾವ ಕಾಗದಕ್ಕೆ ಬೆಲೆ ಇರುತ್ತದೆ ಅಂತ ಕೇಳಿ ಈ ಕೆಲಸ ಮಾಡಿಸಿ.

ಅಮ್ಮ ಆ ಮೇಜಿನ ಮುಂದೆ ಕೇಳಿದ ಪ್ರಶ್ನೆ ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ. "ನಿಮ್ಮಪ್ಪನ ನಂತರ ನನ್ನ ಕೈಗೆ ಎಷ್ಟು ಬರುತ್ತೆ?" ಪಿಂಚಣಿಯ ಒಂದು ಪಾಲು ಮಾತ್ರ. ಖರ್ಚು ಮಾತ್ರ ಅರ್ಧ ಆಗಲ್ಲ. ಹೆಂಗಸರು ಗಂಡಸರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ, ಸಾಮಾನ್ಯವಾಗಿ ಗಂಡನಿಗಿಂತ ವಯಸ್ಸಿನಲ್ಲಿ ಚಿಕ್ಕವರು. ವಿಶ್ವಸಂಸ್ಥೆ 2020ರಲ್ಲಿ ಹಿರಿಯರು ಯಾರ ಜೊತೆ ಬದುಕುತ್ತಾರೆ ಅನ್ನುವುದರ ಬಗ್ಗೆಯೇ ಒಂದು ವರದಿ ಪ್ರಕಟಿಸಿತ್ತು. ವಯಸ್ಸಾದ ಗಂಡಸರಿಗಿಂತ ವಯಸ್ಸಾದ ಹೆಂಗಸರು ಒಂಟಿಯಾಗಿರುವುದು ಜಾಸ್ತಿ ಅಂತ ಅದರಲ್ಲಿದೆ. ಗಂಡನ ಕೊನೆಯ ಕಾಯಿಲೆಗೆ ಇದ್ದದ್ದೆಲ್ಲ ಖರ್ಚಾದ ಮೇಲೆ ಉಳಿದ ವರ್ಷಗಳನ್ನು ಹೆಂಡತಿ ಕಡಿಮೆ ಹಣದಲ್ಲಿ, ಒಬ್ಬಳೇ ಕಳೆಯಬೇಕಾಗುತ್ತದೆ. ಅಮ್ಮ ಅದನ್ನು ಯಾವ ವರದಿಯನ್ನೂ ಓದದೆ ಕೇಳಿದರು. ಹಾಗಾಗಿ ನಮ್ಮ ಲೆಕ್ಕ ಅಪ್ಪನ ಆರೈಕೆಗೆ ಮಾತ್ರ ಆಗಲಿಲ್ಲ, ಅಮ್ಮನ ತೊಂಬತ್ತರವರೆಗೂ ಎಳೆದೆವು.

ಹಿರಿಯರ ವಸತಿಗಳನ್ನು ನೋಡಲು ಹೋದದ್ದು ಇದಾದ ಮೇಲೆ. ಯುಜೀನ್ ಲಿಟ್ವಾಕ್ ಮತ್ತು ಚಾರ್ಲ್ಸ್ ಲಾಂಜಿನೋ ಅನ್ನುವ ಸಮಾಜಶಾಸ್ತ್ರಜ್ಞರು 1987ರಲ್ಲಿ ಹೇಳಿದ ಒಂದು ಮಾತು ಈ ಓಡಾಟದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂತು. ವಯಸ್ಸಾದವರು ಮನೆ ಬದಲಿಸುವುದರಲ್ಲಿ ಮೂರು ಹಂತ ಅವರು ಗುರುತಿಸಿದ್ದರು. ನಿವೃತ್ತಿಯಾದ ಹೊಸದರಲ್ಲಿ ಆರೋಗ್ಯವೂ ಹಣವೂ ಇರುವವರು ತಮಗೆ ಹಿಡಿಸಿದ ಜಾಗಕ್ಕೆ ಹೋಗುತ್ತಾರೆ. ದಿನದ ಕೆಲಸ ಕಷ್ಟವಾದಾಗ ಮಕ್ಕಳ ಹತ್ತಿರಕ್ಕೆ ಬರುತ್ತಾರೆ. ಮಕ್ಕಳಿಂದಲೂ ನಿಭಾಯಿಸಲು ಆಗದಷ್ಟು ಕಾಯಿಲೆಯಾದಾಗ ಆರೈಕೆ ಕೇಂದ್ರಕ್ಕೆ. ಅಪ್ಪ ಅಮ್ಮ ಮೊದಲನೆಯದನ್ನು ಮಾಡಿರಲಿಲ್ಲ. ಈಗ ಎರಡನೆಯದರ ಬಾಗಿಲಲ್ಲಿದ್ದರು. ಆದರೆ ನಾವು ನೋಡುತ್ತಿದ್ದ ಚೆಂದದ ವಸತಿಗಳೆಲ್ಲ ಮೊದಲ ಹಂತದವರಿಗಾಗಿ ಕಟ್ಟಿದ್ದು.

ಒಂದು ಕಡೆ ತೋಟ, ಓದುವ ಕೋಣೆ, ದಂಪತಿಗೆ ಬೇರೆ ಮನೆ, ಎಲ್ಲ ಇತ್ತು. ಸೇರುವಾಗ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲರು ಅಂತ ಡಾಕ್ಟರ್ ಪತ್ರ ಕೊಡಬೇಕು. ನಮ್ಮ ಹತ್ತಿರ ಆ ಪತ್ರ ಇರಲಿಲ್ಲ. ಮನೆ ಮಾರಿ ಎಷ್ಟೇ ಹಣ ತಂದರೂ ಆ ಬಾಗಿಲು ತೆರೆಯಲ್ಲ. ಇನ್ನೊಂದು ಕಡೆ ಮರೆವಿನವರಿಗೆ ಬೇರೆಯೇ ಮಹಡಿ, ಬಾಗಿಲಿಗೆ ಬೀಗ. ಅಪ್ಪ ಅಲ್ಲಿ, ಅಮ್ಮ ಕೆಳಗೆ. ಜೊತೆಗೆ ಬಂದಿದ್ದ ಅಮ್ಮ ಗಾಲಿಕುರ್ಚಿಯಲ್ಲಿ ಕೂತೇ ಎಲ್ಲ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ, "ಅಷ್ಟು ದುಡ್ಡು ಕೊಟ್ಟು ಬೇರೆ ಬೇರೆ ಇರೋದಾ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ನೋಡಿದ ಪ್ರತಿ ಕಡೆಯೂ ನಾನು ಕೇಳಿದ ಪ್ರಶ್ನೆಗಳು ಇವು: ರಾತ್ರಿ ಹೊತ್ತು ಎಷ್ಟು ಜನಕ್ಕೆ ಎಷ್ಟು ಸಿಬ್ಬಂದಿ? ಆಸ್ಪತ್ರೆಗೆ ಯಾರು ಕರೆದುಕೊಂಡು ಹೋಗ್ತಾರೆ, ಜೊತೆಗೆ ಯಾರು ಕೂರ್ತಾರೆ? ಈಗಿರೋದಕ್ಕಿಂತ ಜಾಸ್ತಿ ಕಾಯಿಲೆಯಾದರೆ ಇಲ್ಲೇ ಇಟ್ಕೋತೀರಾ, ಇಲ್ಲ ಕರೆದುಕೊಂಡು ಹೋಗಿ ಅಂತೀರಾ? ಠೇವಣಿ ವಾಪಸ್ ಯಾವಾಗ? ಮೂರನೇ ಪ್ರಶ್ನೆಗೆ ನೇರ ಉತ್ತರ ಕೊಟ್ಟವರು ಕಡಿಮೆ. ಒಂದು ಚಿಕ್ಕ ಆರೈಕೆ ಕೇಂದ್ರದ ಮೇಲ್ವಿಚಾರಕಿ ಮಾತ್ರ ಕೂರಿಸಿ, ಯಾವ ಸ್ಥಿತಿಯವರೆಗೆ ನೋಡಿಕೊಳ್ಳಬಲ್ಲೆವು, ಯಾವುದಕ್ಕೆ ನಮ್ಮಲ್ಲಿ ನರ್ಸ್ ಇಲ್ಲ ಅಂತ ಬಿಡಿಸಿ ಹೇಳಿದರು. ಕಟ್ಟಡ ಹಳೆಯದು, ಬಣ್ಣ ಮಾಸಿದೆ. ನನಗೆ ಹೆಚ್ಚು ನಂಬಿಕೆ ಬಂದದ್ದು ಅಲ್ಲೇ.

ಈ ಮಧ್ಯೆ ನನ್ನ ಮನೆಯಲ್ಲಿ ಅಮ್ಮನಿಗೆ ಸಹಾಯಕ್ಕೆ ಒಬ್ಬ ಹೆಂಗಸು ಹಗಲು ಬರುತ್ತಿದ್ದರು. ಅವರ ತಾಯಿ ಅವರ ಜೊತೆಗೇ ಇದ್ದಾರೆ. ಒಂದೇ ಕೋಣೆಯ ಮನೆ. ಇವರು ನಮ್ಮ ಮನೆಗೆ ಬಂದಾಗ ಇವರ ಮಕ್ಕಳನ್ನು ಆ ತಾಯಿಯೇ ನೋಡಿಕೊಳ್ಳುತ್ತಾರೆ. ಒಂದು ಬೆಳಗ್ಗೆ ಫೋನ್ ಬಂತು. "ಅಕ್ಕಾ, ಅಮ್ಮನಿಗೆ ಲಕ್ವ ಹೊಡೆದಿದೆ. ಹತ್ತಿರ ಯಾರೂ ಇಲ್ಲ. ನಾನು ಬರೋಕಾಗಲ್ಲ." ಅಮ್ಮ ಬಿದ್ದಾಗ ನಮಗೆ ಆಸ್ಪತ್ರೆ, ಥೆರಪಿಸ್ಟ್, ವಕೀಲರು, ನೋಡಿ ಬರಲು ವಸತಿಗಳು, ಯೋಚಿಸಲು ತಿಂಗಳುಗಳು ಸಿಕ್ಕವು. ಅವರ ತಾಯಿ ಮಲಗಿದ ದಿನವೇ ಅವರ ಸಂಬಳ ನಿಂತಿತು. ಎಲ್ಲಿರಬೇಕು ಅನ್ನುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಇರುವುದು ಒಂದೇ ಕೋಣೆ. ಅಮ್ಮ ನನ್ನನ್ನು ಕರೆದು, "ಅವಳು ಬರೋವರೆಗೂ ಸಂಬಳ ಕೊಡು, ನನ್ನ ಠೇವಣಿಯಿಂದ ತೆಗಿ" ಅಂದರು. ಕೊಟ್ಟೆವು.

ಆ ದಿನಗಳಲ್ಲಿ ರಾತ್ರಿ ಹೊತ್ತು ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಿದ್ದೆ. ಅರ್ಥಶಾಸ್ತ್ರಜ್ಞೆ ಡೋರಾ ಕೋಸ್ಟಾ 1997ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಸೈನಿಕರ ಪಿಂಚಣಿ ದಾಖಲೆಗಳನ್ನು ಅಧ್ಯಯನ ಮಾಡಿದ್ದರು. ಪಿಂಚಣಿ ಜಾಸ್ತಿ ಬಂದ ಮುದುಕರು ಮಕ್ಕಳ ಜೊತೆಗಿರದೆ ಬೇರೆ ಮನೆ ಮಾಡಿಕೊಂಡಿರುವುದು ಹೆಚ್ಚು. ಹಣ ಬಂದಾಗ ಅವರು ಮೊದಲು ಕೊಂಡದ್ದು ತಮ್ಮದೇ ಬಾಗಿಲು. ಆದರೆ ದಕ್ಷಿಣ ಆಫ್ರಿಕಾದ ವೃದ್ಧಾಪ್ಯ ವೇತನದ ಮೇಲೆ ಎರಿಕ್ ಎಡ್ಮಂಡ್ಸ್ ಮತ್ತು ಜೊತೆಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಾಗಾಗಿಲ್ಲ. ವೇತನ ಬರಲು ಶುರುವಾದ ಮೇಲೆ ಹಿರಿಯರು ಒಂಟಿಯಾಗಿರಲು ಹೋಗಲಿಲ್ಲ. ದುಡಿಯುವ ವಯಸ್ಸಿನ ಹೆಂಗಸರು ಆ ಮನೆ ಬಿಟ್ಟು ಬೇರೆ ಕಡೆ ಹೋದರು, ಚಿಕ್ಕ ಮಕ್ಕಳು ಮನೆಗೆ ಬಂದು ಸೇರಿದರು. ನಮ್ಮ ಸಹಾಯಕಿಯ ಆ ಒಂದು ಕೋಣೆ ನನಗೆ ಆಗ ಬೇರೆ ಥರ ಕಂಡಿತು. ಆ ಅಜ್ಜಿ ಮಗಳ ಹಂಗಿನಲ್ಲಿ ಇರಲಿಲ್ಲ. ಅಜ್ಜಿ ಮಕ್ಕಳನ್ನು ಹಿಡಿದುಕೊಂಡಿದ್ದರಿಂದಲೇ ಮಗಳು ನನ್ನ ಅಮ್ಮನನ್ನು ಹಿಡಿದು ನಡೆಸುತ್ತಿದ್ದಳು. "ಹಿಂದಿನ ಕಾಲದಲ್ಲಿ ಎಲ್ಲ ಒಟ್ಟಿಗೇ ಇದ್ದರು, ಈಗ ಹಣ ಬಂದು ಮಕ್ಕಳು ಕೆಟ್ಟರು" ಅನ್ನುವ ಮಾತನ್ನು ನಾನು ಅವತ್ತಿನಿಂದ ಒಪ್ಪಲ್ಲ. ಒಟ್ಟಿಗೆ ಇದ್ದವರಲ್ಲಿ ಎಷ್ಟು ಜನಕ್ಕೆ ಬೇರೆ ದಾರಿ ಇತ್ತು ಅಂತಲೂ ಕೇಳಬೇಕು.

ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆ ವಿಮೆ ಶುರು ಮಾಡಿತು. ನಲವತ್ತು ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಅರವತ್ತೈದು ದಾಟಿದ ಮೇಲೆ ಸಹಾಯ ಬೇಕಾದರೆ, ಎಷ್ಟು ಬೇಕು ಅಂತ ಏಳು ಹಂತಗಳಲ್ಲಿ ಅಳೆಯುತ್ತಾರೆ. ಅಳೆಯುವುದು ಆರೋಗ್ಯವನ್ನು, ಆಸ್ತಿಯನ್ನಲ್ಲ. ಜರ್ಮನಿ 1995ರಲ್ಲೇ ಇಂಥದ್ದನ್ನು ತಂದಿತ್ತು. ಇಂಥ ವ್ಯವಸ್ಥೆ ಎಲ್ಲ ಕಡೆ ಬರಬೇಕು ಅಂತ ನಾನು ಮನಸಾರೆ ಬಯಸುತ್ತೇನೆ. ಆ ಒಂದು ಕೋಣೆಗೂ ಒಬ್ಬ ಥೆರಪಿಸ್ಟ್ ಫಾರಂ ಹಿಡಿದು ಹೋಗಬೇಕು.

ಕೊನೆಗೆ ನಮ್ಮ ತೀರ್ಮಾನ ಆದದ್ದು ಹೀಗೆ. ಎರಡಂತಸ್ತಿನ ಮನೆಯನ್ನು ಮಾರಲಿಲ್ಲ, ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆಯಿಂದ ನನ್ನ ಮನೆಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ನೆಲಮಹಡಿಯ ಚಿಕ್ಕ ಮನೆ ಹಿಡಿದೆವು. ಉಳಿದ ಹಣ, ಪಿಂಚಣಿ, ಅಣ್ಣ ಕಳಿಸುವ ಪಾಲು ಸೇರಿ ಸಹಾಯಕರ ಸಂಬಳ. ನನ್ನ ಮನೆಯಲ್ಲೇ ಇರಿ ಅಂತ ನಾನು ಮನಸ್ಸಿನಿಂದಲೇ ಕೇಳಿದ್ದೆ. ಅಮ್ಮ ಒಪ್ಪಲಿಲ್ಲ. "ನನ್ನ ಅಡುಗೆಮನೆ, ನನ್ನ ಬೀಗದ ಕೈ ಇರಬೇಕು ಕಣೇ. ನೀನು ದಿನಾ ಬಾ, ಆದರೆ ಬಾಗಿಲು ತಟ್ಟಿ ಬಾ." ವಿಯೆನ್ನಾದಲ್ಲಿ ರೋಸನ್‌ಮಾಯರ್ ಮತ್ತು ಕೊಕೈಸ್ ಅನ್ನುವ ಸಮಾಜಶಾಸ್ತ್ರಜ್ಞರು 1960ರ ದಶಕದಲ್ಲಿ ಹಿರಿಯರನ್ನು ಮಾತಾಡಿಸಿದಾಗ ಸಿಕ್ಕಿದ್ದೂ ಇದೇ ಆಸೆ. ಮಕ್ಕಳು ಹತ್ತಿರ ಇರಬೇಕು, ಅದೇ ಸೂರಿನಡಿ ಬೇಡ. ಆದರೆ ಆ ಆಸೆ ಈಡೇರಬೇಕಾದರೆ ಎರಡು ಬಾಡಿಗೆ ಕಟ್ಟುವ ಶಕ್ತಿ ಬೇಕು. ನಮಗೆ ಅದು ಸಾಧ್ಯವಾದದ್ದು ಅಪ್ಪನ ಹಳೆಯ ಮನೆಯಿಂದ.

ಹೊಸ ಮನೆಗೆ ಹೋಗುವ ಮೊದಲು ಥೆರಪಿಸ್ಟ್ ಬಂದು ಅಳತೆ ತೆಗೆದುಕೊಂಡರು. ಬಚ್ಚಲಿನ ಹೊಸ್ತಿಲು ತೆಗೆಸಿದೆವು. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಹಿಡಿಕೆ ಹಾಕಿಸಿದೆವು. ಟವೆಲ್ ಹಾಕುವ ಕಂಬಿಯಲ್ಲ, ಮೈಭಾರ ತಡೆಯುವ ಹಿಡಿಕೆ, ಗೋಡೆಗೆ ಗಟ್ಟಿಯಾಗಿ ಕೂರಿಸಿದ್ದು. ಕಾಲುಹಾಸುಗಳನ್ನೆಲ್ಲ ಎತ್ತಿದೆವು. ಹಾಸಿಗೆಯಿಂದ ಶೌಚಾಲಯದವರೆಗೆ ರಾತ್ರಿ ಇಡೀ ಉರಿಯುವ ಚಿಕ್ಕ ದೀಪಗಳು. ಮಂಚದ ಎತ್ತರ, ಅಮ್ಮ ಕೂತಾಗ ಪಾದ ಪೂರ್ತಿ ನೆಲ ಮುಟ್ಟುವಷ್ಟು. ಈ ಎಲ್ಲದರ ಖರ್ಚು ಒಂದು ತಿಂಗಳ ಆರೈಕೆ ಕೇಂದ್ರದ ಶುಲ್ಕಕ್ಕಿಂತ ಕಡಿಮೆ ಆಯಿತು.

ಅಪ್ಪನಿಗೆ ಹೊಸ ಮನೆ ಸುಲಭ ಆಗಲಿಲ್ಲ. ಮರೆವು ಇರುವವರಿಗೆ ಜಾಗ ಬದಲಾದರೆ ಗೊಂದಲ ಜಾಸ್ತಿಯಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ರಾತ್ರಿ ಎದ್ದು ಮೆಟ್ಟಿಲು ಹುಡುಕುತ್ತಿದ್ದರು. "ನಮ್ಮ ಮನೆಗೆ ಹೋಗೋಣ" ಅಂತ ಸಂಜೆಯಾದರೆ ಹಟ. ಹಳೆಯ ಮನೆಯ ಅವರ ಕುರ್ಚಿ, ಗಡಿಯಾರ, ಗೋಡೆಯ ಫೋಟೋಗಳನ್ನು ಅದೇ ಕ್ರಮದಲ್ಲಿ ಇಟ್ಟೆವು. ಶೌಚಾಲಯದ ಬಾಗಿಲಿಗೆ ದೊಡ್ಡ ಚಿತ್ರ ಅಂಟಿಸಿದೆವು. ಅಮ್ಮ ಮಂಚದ ಗೋಡೆಯ ಪಕ್ಕಕ್ಕೆ ಮಲಗುತ್ತಿದ್ದವರು ಹೊರಬದಿಗೆ ಬಂದರು, ಅಪ್ಪ ಎದ್ದರೆ ತಿಳಿಯಲಿ ಅಂತ. ನಿಧಾನಕ್ಕೆ ಅಪ್ಪ ಹೊಂದಿಕೊಂಡರು, ಪೂರ್ತಿ ಅಲ್ಲ. ಸಂಜೆಯ ಹಟ ಇವತ್ತಿಗೂ ಇದೆ.

ನನ್ನ ಬಗ್ಗೆಯೂ ಹೇಳಬೇಕು. ಕೆಲಸದ ಹೊತ್ತು ಕಡಿಮೆ ಮಾಡಿಕೊಂಡೆ, ಸಂಬಳ ಕಡಿಮೆಯಾಯಿತು. ಅದರ ಜೊತೆ ನನ್ನ ಮುಂದಿನ ಪಿಂಚಣಿಯೂ. ಅಣ್ಣ ಹಣ ಕಳಿಸುತ್ತಾನೆ, ನಾನು ಸಮಯ ಕೊಡುತ್ತೇನೆ. ಈ ಎರಡೂ ಸಮ ಅಂತ ಜನ ಸುಲಭವಾಗಿ ಹೇಳುತ್ತಾರೆ. ನಾವು ಅದನ್ನು ಬಾಯಿಮಾತಿನಲ್ಲಿ ಬಿಡಲಿಲ್ಲ. ನನ್ನ ಕಳೆದ ಸಂಬಳದ ಒಂದು ಭಾಗವನ್ನು ಅಪ್ಪನ ಖಾತೆಯಿಂದ ನನ್ನ ನಿವೃತ್ತಿ ಖಾತೆಗೆ ಪ್ರತಿ ತಿಂಗಳು ಕಟ್ಟಬೇಕು ಅಂತ ಅಣ್ಣನೇ ಬರೆದ, ಅಮ್ಮ ಒಪ್ಪಿದರು. ವರ್ಷಕ್ಕೊಮ್ಮೆ ಅಣ್ಣ ಬಂದು ಒಂದು ತಿಂಗಳು ಇರುತ್ತಾನೆ, ಆಗ ನಾನು ಬಿಡುವು ತೆಗೆದುಕೊಳ್ಳುತ್ತೇನೆ. ಹೆತ್ತವರನ್ನು ನೋಡಿಕೊಂಡ ಹೆಣ್ಣುಮಕ್ಕಳು ತಮ್ಮ ಮುಪ್ಪಿನಲ್ಲಿ ಬರಿಗೈಲಿ ಉಳಿಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಈ ಮಾತನ್ನು ಮನೆಯಲ್ಲಿ ಎತ್ತಲು ಯಾರೂ ಸಂಕೋಚ ಪಡಬಾರದು.

ಈ ವ್ಯವಸ್ಥೆ ಶಾಶ್ವತ ಅಲ್ಲ ಅಂತ ಎಲ್ಲರಿಗೂ ಗೊತ್ತು. ಮೂರನೇ ಹಂತ ಬರುತ್ತದೆ. ಅದು ಯಾವಾಗ ಅಂತ ಅಮ್ಮನೇ ಒಂದು ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಅಪ್ಪನನ್ನು ರಾತ್ರಿ ಎತ್ತಲು ಇಬ್ಬರು ಬೇಕಾದಾಗ. ಅಪ್ಪ ಸಿಟ್ಟಿನಲ್ಲಿ ಕೈ ಎತ್ತಲು ಶುರು ಮಾಡಿದಾಗ. ನನ್ನ ಆರೋಗ್ಯ ಕೆಟ್ಟರೆ. ಇವುಗಳಲ್ಲಿ ಯಾವುದಾದರೂ ಒಂದಾದರೆ, ಬಣ್ಣ ಮಾಸಿದ ಆ ಚಿಕ್ಕ ಕೇಂದ್ರಕ್ಕೆ ಅಪ್ಪ ಹೋಗುವುದು. ಅಮ್ಮ ಇದೇ ಮನೆಯಲ್ಲಿದ್ದು ದಿನಾ ಆಟೋದಲ್ಲಿ ಹೋಗಿ ಜೊತೆಗೆ ಊಟ ಮಾಡುವುದು. ಅದಕ್ಕೆ ಬೇಕಾಗುವ ಹಣಕ್ಕೆ ಹಳೆಯ ಮನೆ ಮಾರಬೇಕಾದರೆ ಮಾರುವುದು. ಅಣ್ಣ, ನಾನು ಇಬ್ಬರೂ ಅದರ ಕೆಳಗೆ ಸಹಿ ಹಾಕಿದ್ದೇವೆ. ಆ ಕೇಂದ್ರದ ಕಾಯುವ ಪಟ್ಟಿಯಲ್ಲಿ ಅಪ್ಪನ ಹೆಸರು ಬರೆಸಿದ್ದಾಗಿದೆ. ಮುಂದಿನ ತಿಂಗಳು ಥೆರಪಿಸ್ಟ್ ಮತ್ತೆ ಬಂದು ಎರಡೂ ಪಟ್ಟಿ ತುಂಬುತ್ತಾರೆ. ಅಮ್ಮ ಈಗ ವಾಕರ್ ಬಿಟ್ಟು ಕೋಲಿನಲ್ಲಿ ನಡೆಯುತ್ತಿದ್ದಾರೆ. ಸ್ನಾನವನ್ನೂ ತಾನೇ ಮಾಡಿಕೊಳ್ಳುತ್ತಾರೆ.